ಐವತ್ತು ಹರ್ಟ್ಜಿನ ಅಳಿಯ

“ಈ ಮೆಷಿನ್ನು ಕೆಟ್ರೆ ಮೊದಲು ನಿನ್ನನ್ನೇ ಕೇಳ್ತೀನಿ ಕಣೆ, ಮಿಕ್ಕೋರೆಲ್ಲ ಆಮೇಲೆ” ಎಂದು ಸಿದ್ದು ತನ್ನ ಹೆಂಡತಿ ಸುಮಾಳಿಗೆ ಮಾತು ಕೊಟ್ಟು ಆರು ವರ್ಷವಾಗಿತ್ತು. ಬನ್ನಿಮಂಟಪದ ಅವರ ಮನೆಯ ಕೆಳಗಿನ ಅಂಗಡಿಗೆ ಮರ ಕೆತ್ತುವ ಸಿಎನ್‌ಸಿ ಮೆಷಿನ್ನು ಬಂದಿಳಿದ ದಿನದ ಮಾತು ಅದು. ಸುಮಾ ಬಿಸ್ಕತ್ತು ಫ್ಯಾಕ್ಟರಿಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದಳು; ಮೋಟರು, ಪ್ಯಾನೆಲ್ಲು, ಗ್ರೀಸಿನ ನಡುವೆಯೇ ಅವಳ ಬೆಳಗು ಬೈಗು. ಹೊಸ ಮೆಷಿನ್ನಿನ ಮೋಟರು ಓಡಿಸುವ ಡ್ರೈವಿಗೆ ಅವತ್ತು ಸೆಟ್ಟಿಂಗ್ ಹಾಕಿಕೊಟ್ಟವಳೂ ಅವಳೇ.

ಆರು ವರ್ಷ ಮೆಷಿನ್ನು ಕೆಡಲಿಲ್ಲ. ಕೊಟ್ಟ ಮಾತಿಗೆ ಪರೀಕ್ಷೆ ಬರಲಿಲ್ಲ. ಪರೀಕ್ಷೆಯೇ ಇಲ್ಲದ ಮೇಲೆ ಸಿದ್ದುವೂ ಫಸ್ಟ್ ಕ್ಲಾಸೇ.

ಈ ಸಲ ದಸರಾ ಮುಗಿದು ಅಂಗಡಿ ತೆಗೆದ ಬೆಳಿಗ್ಗೆ, ಕಟ್ಟರ್ ಹಿಡಿದು ಗಿರಗಿರ ತಿರುಗಬೇಕಾದ ಸ್ಪಿಂಡಲ್ ಮೋಟರು ಸುಮ್ಮನೆ ನಿಂತುಬಿಟ್ಟಿತು. ಡ್ರೈವಿನ ದೀಪವೇನೋ ಉರಿಯುತ್ತಿತ್ತು, ಬಟನ್ ಒತ್ತಿದರೆ ಮೋಟರು ಮಾತ್ರ ಮಿಸುಕಲೊಲ್ಲದು. ಸಿದ್ದುವಿನ ತಾಯಿ ಪುಟ್ಟಲಿಂಗಮ್ಮ ಮೆಷಿನ್ನಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟರು: “ಕಣ್ಣು ಬಿದ್ದದೆ ಕಣೋ. ಪೂಜೆ ದಿವ್ಸ ಎದುರುಮನೆಯೋಳು ಎಂಗೆ ನೋಡ್ತಿದ್ಲು ಗೊತ್ತಾ?” ಒಂದು ನಿಂಬೆಹಣ್ಣು, ಮೂರು ಮೆಣಸಿನಕಾಯಿ ನೇತಾಡತೊಡಗಿದವು. ಹಾಗಾಗಿ ಮೊದಲು ಸಲಹೆ ಕೊಟ್ಟದ್ದು ನಿಂಬೆಹಣ್ಣು.

ಮೆಷಿನ್ನು ಮಾರಿದವನಿಗೆ ಫೋನು ಹೋಯಿತು. “ನಿಮ್ ಏರಿಯಾ ಕರೆಂಟೇ ಸರಿಯಿಲ್ಲ ಸಾರ್” ಅಂದು ಅವನು ಫೋನಿಟ್ಟ.

ಸುಮಾ ಹೆಲ್ಮೆಟ್ ಹಿಡಿದು ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತಳು. “ಏನ್ರೀ, ಏನಾಯ್ತು?”

“ಏನಿಲ್ಲ ಬುಡು. ನಿಂಗೆ ಹೊತ್ತಾಯ್ತು. ಭಾವಂಗೆ ಹೇಳಿದೀನಿ, ಬತ್ತಾರೆ.”

ಸುಮಾ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. ಕೇಳಲಿ, ಹೇಳ್ತೀನಿ. ಆರು ವರ್ಷದ ಮಾತನ್ನು ನಾನೇ ನೆನಪಿಸಿ ಭಿಕ್ಷೆ ಬೇಡಲೇನು? ಆ ಮೋಟರು ಸುಟ್ಟುಹೋದರೆ ಅಂಗಡಿಗೆ ಬೀಗವೇ ಗತಿ ಅಂತ ಅವಳಿಗೂ ಗೊತ್ತಿತ್ತು. ಆದರೂ ಗಾಡಿ ಹತ್ತಿ ಹೋದಳು.

ಭಾವ ಅಂದರೆ ಸಿದ್ದುವಿನ ಅಕ್ಕನ ಗಂಡ, ಮಹದೇವಸ್ವಾಮಿ. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗು, ಮಾರುವುದು ಜೀವವಿಮೆ. ಡಿಗ್ರಿಯ ಮೇಲೆ ಧೂಳು ಕೂತಿತ್ತೇ ಹೊರತು ಧೈರ್ಯದ ಮೇಲೆ ಒಂದು ಕಣವೂ ಕೂತಿರಲಿಲ್ಲ. ಮೇಲಾಗಿ ಆ ಮನೆಗೆ ಅಳಿಯ. ಅಳಿಯ ಉಪ್ಪು ಸಿಹಿ ಅಂದರೆ, ಪುಟ್ಟಲಿಂಗಮ್ಮ ಪಾಯಸಕ್ಕೂ ಅದನ್ನೇ ಹಾಕುವವರು.

ಸುಮಾ ಪಾಳಿ ಮುಗಿಸಿ ಮಧ್ಯಾಹ್ನ ಬರುವ ಹೊತ್ತಿಗೆ ಅಳಿಯದೇವರು ಒಬ್ಬಟ್ಟು ಮುಗಿಸಿ ಕಾರ್ಯಾಚರಣೆಗೆ ಇಳಿದಿದ್ದರು.

“ಮೊಬೈಲ್ ಹ್ಯಾಂಗ್ ಆದ್ರೆ ಏನ್ಮಾಡ್ತೀಯ ಸಿದ್ದು?”

“ಆಫ್ ಮಾಡಿ ಆನ್ ಮಾಡ್ತೀನಿ ಭಾವ.”

“ಅದಕ್ಕೂ ಬಗ್ಗಲಿಲ್ಲ ಅಂದ್ರೆ ಫ್ಯಾಕ್ಟರಿ ರೀಸೆಟ್ಟು. ಮಾಡಿದೀನಿ, ನೋಡು ಈಗ.”

ಗೋಡೆಗೆ ಬಿಗಿದ ಆ ಡ್ರೈವ್ ಎಂಬ ಕರಿ ಡಬ್ಬಿಗೆ, ತನ್ನ ಕೈಕೆಳಗಿರುವುದು ಎಂಥ ಮೋಟರು ಅಂತ ಯಾರಾದರೂ ಹೇಳಿಕೊಡಬೇಕು. ಸುಮಾ ಆರು ವರ್ಷದ ಹಿಂದೆ ಹೇಳಿಕೊಟ್ಟಿದ್ದೆಲ್ಲ ರೀಸೆಟ್ಟಿನಲ್ಲಿ ಅಳಿಸಿಹೋಗಿತ್ತು. ನಾನೂರು ಹರ್ಟ್ಜಿನಲ್ಲಿ ಓಡಬೇಕಾದ ಸ್ಪಿಂಡಲ್ಲನ್ನು ಡ್ರೈವು ಈಗ ಐವತ್ತರ ನೀರೆತ್ತುವ ಪಂಪು ಅಂದುಕೊಂಡು ಕರೆಂಟು ನುಗ್ಗಿಸುತ್ತಿತ್ತು. ಮೋಟರು ಉಬ್ಬಸದವರ ಹಾಗೆ ನರಳುತ್ತಾ ನಿಧಾನಕ್ಕೆ ತಿರುಗಿತು.

“ತಿರುಗ್ತು!” ಸಿದ್ದು ಕುಣಿದ.

“ಅಳೀದೇವ್ರ ಕೈಗುಣ” ಅಂದರು ಪುಟ್ಟಲಿಂಗಮ್ಮ.

ಅಷ್ಟರಲ್ಲೇ ಡ್ರೈವು ಕೀ ಅಂದು, ಓವರ್ ಕರೆಂಟ್ ಅಂತ ತೋರಿಸಿ ನಿಂತಿತು. ಸುಮಾಳಿಗೆ ತಡೆಯಲಾಗಲಿಲ್ಲ. “ಅಣ್ಣ, ಐವತ್ತಿದೆ ಅಲ್ಲಿ. ಇದು ನಾನೂರರ ಮೋಟರು.”

ಮಹದೇವಸ್ವಾಮಿ ಮಗುವಿಗೆ ನಕ್ಕಂತೆ ನಕ್ಕರು. “ನಮ್ ದೇಶದ ಕರೆಂಟೇ ಐವತ್ತು ಹರ್ಟ್ಜ್ ಕಣಮ್ಮ. ನಾನೂರು ಅಂತ ಹಾಕಿದ್ರೆ ಬೀದಿ ಟ್ರಾನ್ಸ್‌ಫಾರ್ಮರ್ ಹಾರೋಗುತ್ತೆ. ಆಮೇಲೆ ಇಡೀ ಬನ್ನಿಮಂಟಪಕ್ಕೆ ದಸರಾದ ಪಂಜಿನ ಕವಾಯತೇ ಗತಿ!”

ಸಿದ್ದು ಹೊಟ್ಟೆ ಹಿಡಿದು ನಕ್ಕ. ನಕ್ಕು ಹೆಂಡತಿಯ ಮುಖ ನೋಡಿದ. ನೋಡಿ, ಮತ್ತೆ ಭಾವನ ಕಡೆಗೇ ತಿರುಗಿದ. “ಇದು ಪದೇ ಪದೇ ನಿಲ್ತದಲ್ಲ ಭಾವ?”

“ಸುಮ್ನೆ ಹೆದರ್ತದೆ ಅಷ್ಟೇ. ಅದರ ಲಿಮಿಟ್ಟೇ ಏರಿಸ್ಬುಡೋಣ.”

ಏರಿಸಿದರು. ಡ್ರೈವಿನ ಬಾಯಿ ಮುಚ್ಚಿತು. ಮೋಟರು ನರಳುತ್ತಲೇ ಇತ್ತು. ಸುಮಾ ತೇಗದ ಹಲಗೆಗೆ ಒರಗಿ ಕೈಕಟ್ಟಿ ನಿಂತಳು. ಈಗಲಾದರೂ ಕೇಳಿಯಾನು. ಆಗ ಬಂತು ವಾಸನೆ. ಫ್ಯಾಕ್ಟರಿಯಲ್ಲಿ ಅವಳು ಚೆನ್ನಾಗಿ ಬಲ್ಲ ವಾಸನೆ, ಮೋಟರಿನೊಳಗಿನ ತಂತಿ ಸುರುಳಿಯ ವಾರ್ನಿಷ್ ಕಾಯುವ ವಾಸನೆ.

“ಧೂಪ ಆಕಿದ್ನಲ್ಲ, ಅದಿರ್ಬೇಕು” ಅಂದರು ಅತ್ತೆ.

ಸುಮಾ ಎರಡೇ ಹೆಜ್ಜೆಗೆ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದಳು.

“ಯಾರೇ ನಿಂಗೆ ಆಫ್ ಮಾಡು ಅಂದೋರು?” ಸಿದ್ದು ರೇಗಿದ.

“ಮೋಟರ್ ಮೇಲೆ ಕೈ ಇಟ್ಟು ಆಮೇಲೆ ಮಾತಾಡಿ.”

ಇಟ್ಟ. ಚೀರಿ ತೆಗೆದ. ಮಹದೇವಸ್ವಾಮಿಗೆ ಆ ಗಳಿಗೆಯಲ್ಲೇ ಲಷ್ಕರ್ ಮೊಹಲ್ಲಾದಲ್ಲಿ ಯಾರಿಗೋ ಪಾಲಿಸಿ ಮಾಡಿಸುವುದಿದೆ ಅಂತ ಜ್ಞಾಪಕ ಬಂತು.

ಮೋಟರು ಮುಟ್ಟುವಷ್ಟು ತಣ್ಣಗಾಗಲಿ ಅಂತ ಕಾದು, ಸುಮಾ ಅದರ ಮೈಮೇಲಿನ ಫಲಕ ಓದಿ ಎಲ್ಲವನ್ನೂ ಹೊಸದಾಗಿ ಹೇಳಿಕೊಟ್ಟಳು: ಓಟ ನಾನೂರು, ಪೂರ್ತಿ ವೋಲ್ಟೇಜು ಸಿಗಬೇಕಾದ್ದೂ ನಾನೂರರಲ್ಲೇ, ಕರೆಂಟಿನ ಮಿತಿ ಇಷ್ಟು, ವೇಗ ಡ್ರೈವಿನ ಮುಖದ ಮೇಲಿನ ತಿರುಪು ಗುಂಡಿಯಿಂದ. ಸಿದ್ದು ಟಾರ್ಚು ಹಿಡಿದ. ಬಟನ್ ಒತ್ತಿದಳು. ಮೋಟರು ಅಲ್ಲಾಡಲಿಲ್ಲ.

“ನೋಡು! ನಿನ್ನಿಂದ್ಲೂ ಆಗ್ಲಿಲ್ಲ” ಎಂದ ಸಿದ್ದು. ಅವನ ದನಿಯಲ್ಲಿ ನೆಮ್ಮದಿಯಂಥದ್ದೇನೋ ಇತ್ತು.

ಸುಮಾ ಬಗ್ಗಿ ನೋಡಿದಳು. ವೇಗದ ತಿರುಪು ಪೂರಾ ಸೊನ್ನೆಗೆ ತಿರುಗಿ ಕೂತಿತ್ತು; ರೀಸೆಟ್ಟಾದ ಡ್ರೈವು ಅದನ್ನು ಲೆಕ್ಕಕ್ಕಿಡದೆ ಓಡಿತ್ತು, ಅಷ್ಟೇ. ಅದರ ಬುಡದ ಸುತ್ತ ಒಂದು ಗೆರೆ ಕುಂಕುಮ. ಆಯುಧಪೂಜೆಗೆ ಅತ್ತೆ ಡ್ರೈವಿಗೆ ಬಳಿದಿದ್ದ ಅರಿಶಿನ ಕುಂಕುಮವನ್ನು, ಪೂಜೆಯ ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದವಳು ಅವಳೇ. ಒರೆಸುವಾಗ ತಿರುಗಿಬಿಟ್ಟಿದೆ. ಬೆಳಿಗ್ಗೆಯೇ ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

ತಿರುಪು ತಿರುಗಿಸಿದಳು. ಸ್ಪಿಂಡಲ್ಲು ದುಂಬಿಯ ಹಾಗೆ ಝೇಂಕರಿಸಿತು. “ಒರೆಸುವಾಗ ನಾನೇ ತಿರುಗಿಸ್ಬುಟ್ಟಿದೀನಿ” ಅಂದಳು, ಮುಚ್ಚಿಡದೆ.

ಸಿದ್ದುವಿನ ಮುಖ ಅರಳಿತು. ಕೆತ್ತನೆಯ ಪೂಜಾಮನೆ ಬಾಗಿಲಿಗಾಗಿ ಕಾಯುತ್ತಿದ್ದ ಸರಸ್ವತಿಪುರಂ ಗಿರಾಕಿಗೆ ಕೂಡಲೇ ಫೋನು ಹಚ್ಚಿದ. “ರೆಡಿಯಾಯ್ತು ಮೇಡಂ. ನಮ್ ಮನೆಯೋಳು ಒರೆಸಕ್ಕೆ ಹೋಗಿ ಕೆಡಿಸಿಟ್ಟಿದ್ಲು. ಇಂಜಿನಿಯರ್ ಭಾವ ಬಂದು ರೀಸೆಟ್ ಮಾಡಿದ್ರು.”

“ನಿಂಬೆಣ್ಣು ಕಟ್ಟಿದ್ದೂ ಯೋಳು” ಎಂದರು ಪುಟ್ಟಲಿಂಗಮ್ಮ.

ಫೋನಿಟ್ಟು ಸಿದ್ದು ಸುಮಾಳ ಕಡೆ ತಿರುಗಿದ. “ಕಾಫಿ ಇದೆಯೇನೆ?”

ಮೆಷಿನ್ನು ಕೆಟ್ಟರೆ ಮೊದಲು ಅವಳನ್ನು ಕೇಳುತ್ತೇನೆ ಎಂದಿದ್ದ. ಮೊದಲೂ ಕೇಳಲಿಲ್ಲ, ಕೊನೆಗೂ ಕೇಳಲಿಲ್ಲ. ಸಿದ್ದು ಮಾತಿಗೆ ತಪ್ಪಿದ.