ಎರಡು ಗಡಿಯಾರದ ವಿರುಪಾಕ್ಷಪ್ಪ

ವಿರುಪಾಕ್ಷಪ್ಪನವರನ್ನು ಮೊದಲ ಸಲ ಕಂಡವರ ದೃಷ್ಟಿ ನೆಡುವುದು ಅವರ ಮುಖದ ಮೇಲಲ್ಲ, ಮಣಿಕಟ್ಟುಗಳ ಮೇಲೆ. ಎಡಗೈಗೊಂದು, ಬಲಗೈಗೊಂದು, ಎರಡು ಗಡಿಯಾರ. ಎಡಗೈಯದು ಅವರ ತಂದೆ ಬಿಟ್ಟುಹೋದದ್ದು. ದಿನವೂ ಮುಂಜಾನೆ ಕೀಲಿ ಬೇಡುವಂಥದು, ಗಾಜಿನ ಮೇಲೆ ಉದ್ದಕ್ಕೊಂದು ಗೀರು ಬಿದ್ದದ್ದು. ಬಲಗೈಯದು ಅಂಕಿ ತೋರಿಸುವ ಕಪ್ಪು ಪ್ಲಾಸ್ಟಿಕ್ಕಿನದು. ಮೊದಲನೆಯದು ಎರಡನೆಯದಕ್ಕಿಂತ ಸರಿಯಾಗಿ ಇಪ್ಪತ್ತೈದು ನಿಮಿಷ ಮುಂದೆ. ಯಾರಾದರೂ ಸಮಯ ಕೇಳಿದರೋ, ಎಡಗೈ ನೋಡಿ, ಬಲಗೈ ನೋಡಿ, ತುಟಿಯೊಳಗೇ ಏನನ್ನೋ ಗುಣಿಸಿಕೊಂಡು, ಆಮೇಲೆ ಉತ್ತರ ಕೊಡುವರು. ಒಂದು ಅವರ ಊರು ಗದಗಿನ ಟೈಮು, ಇನ್ನೊಂದು ಈಗಿರುವ ಸನ್ನಿವೇಲಿನ ಟೈಮು ಎಂದು ನಾವೆಲ್ಲ ಅವರನ್ನು ರೇಗಿಸಿದ್ದೇ ರೇಗಿಸಿದ್ದು. ಅವರೂ ನಗುತ್ತಿದ್ದರು. ಆ ನಗು ಹಲ್ಲಿನಿಂದೀಚೆಗೆ ಮಾತ್ರ ಇತ್ತೆಂಬುದು ನನ್ನಂಥ ದಡ್ಡನಿಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲಿನಲ್ಲಿ ಒಂದೇ ಅಪಾರ್ಟ್‌ಮೆಂಟು. ಅವರು ಮೇಲೆ, ನಾವು ಕೆಳಗೆ. ಮೂವತ್ತು ವರ್ಷ ಒಂದು ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಅವರ ಕೆಲಸ ಒಂದೇ: ಬೇರೆಯವರು ಸರಿಯಿದೆ ಎಂದದ್ದರಲ್ಲಿ ಏನು ಸರಿಯಿಲ್ಲ ಎಂದು ಹುಡುಕಿ ಬರೆದುಕೊಡುವುದು. ಆ ಉದ್ಯೋಗ ಮುಗಿದರೂ ಆ ಸ್ವಭಾವ ಮುಗಿಯಲಿಲ್ಲ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವಷ್ಟು ಸಲಿಗೆಯನ್ನು ಅವರು ಯಾರಿಗೂ ಕೊಡಲಿಲ್ಲ. ಅರವತ್ನಾಲ್ಕರ ಸಪೂರ ದೇಹ, ಅದರ ಮೇಲೆ ವರ್ಷದ ಹನ್ನೆರಡು ತಿಂಗಳೂ ಸಾಸಿವೆ ಬಣ್ಣದ ಒಂದು ಕೋಟು. ಅದರ ಬಲ ಮೊಣಕೈಗೆ ಹಸಿರು ರೇಷ್ಮೆಯ ತೇಪೆ, ಯಾರದೋ ರವಿಕೆಯಲ್ಲಿ ಉಳಿದ ಬಟ್ಟೆಯದು ಎಂದು ನೋಡಿದರೇ ತಿಳಿಯುವಂಥದು. ನಡಿಗೆಯೂ ಅವರದೇ ಆದದ್ದು: ನಲವತ್ತು ಹೆಜ್ಜೆ, ಒಂದು ನಿಲುಗಡೆ, ಮತ್ತೆ ನಲವತ್ತು ಹೆಜ್ಜೆ. ಬೆಟ್ಟದಲ್ಲಿ ಕಲಿತ ಈ ಲೆಕ್ಕವನ್ನು ಗ್ರೋಸರಿ ಅಂಗಡಿಯ ಸಾಲುಗಳ ನಡುವೆಯೂ ಬಿಟ್ಟವರಲ್ಲ.

ಬೆಟ್ಟವೆಂದರೆ ಶಾಸ್ತಾ. ಇಲ್ಲಿಂದ ಉತ್ತರಕ್ಕೆ ಐದು ಗಂಟೆಯ ಫ್ರೀವೇ ಮುಗಿಸಿದರೆ ಎದುರಿಗೆ ಹದಿನಾಲ್ಕು ಸಾವಿರ ಅಡಿ ಎತ್ತರಕ್ಕೆ ಒಂಟಿಯಾಗಿ ನಿಂತಿರುವ ಶ್ವೇತಪರ್ವತ. ಮೇ ತಿಂಗಳಿಂದ ಜುಲೈ ನಡುವಿನವರೆಗೆ ಪ್ರತಿ ಶುಕ್ರವಾರ ವಿರುಪಾಕ್ಷಪ್ಪನವರು ಅಲ್ಲಿಗೆ ಒಬ್ಬರೇ ಹೋಗುತ್ತಾರೆ. ಹತ್ತು ಸಾವಿರದ ನಾನೂರು ಅಡಿಯಲ್ಲಿ, ಹೆಸರಿಗೆ ಕೆರೆಯಾಗಿ ಬಹುಪಾಲು ಹಿಮದಡಿ ಹೂತಿರುವ ಹೆಲೆನ್ ಲೇಕಿನ ತನಕ ಹತ್ತುತ್ತಾರೆ, ಇಳಿಯುತ್ತಾರೆ, ಶನಿವಾರ ನಮ್ಮ ಚಾರಣ ಬಳಗದ ವಾಟ್ಸಾಪಿಗೆ ದಾರಿಯ ಸ್ಥಿತಿ, ಹಿಮದ ಸ್ಥಿತಿ ಹೇಳಿ ಧ್ವನಿ ಕಳಿಸುತ್ತಾರೆ. ಹಿಮಕ್ಕೆ ಕನ್ನಡದಲ್ಲಿ ಪದಗಳು ಸಾಲವೆಂದು ಅವರು ಎಂದೂ ಗೊಣಗಲಿಲ್ಲ. ತಮ್ಮ ಅವ್ವನ ಅಡುಗೆಮನೆಯಿಂದಲೇ ತಂದುಕೊಂಡರು. ಹೊಸದಾಗಿ ಬಿದ್ದದ್ದು ಜೋಳದ ಹಿಟ್ಟು. ಮುಂಜಾವಿನಲ್ಲಿ ಬಿಗಿದುಕೊಂಡು ಕಾಲಡಿ ಮುರಿಯುವ ಪದರ ಖಡಕ್ ರೊಟ್ಟಿ. ಬಿಸಿಲೇರಿ ಮೊಣಕಾಲುದ್ದ ಹೂತುಕೊಳ್ಳುವ ರಾಡಿ ನುಚ್ಚು-ಮಜ್ಜಿಗೆ. “ಎಂಟು ಸಾವಿರ ಅಡಿ ಮಟ ದಾರಿ ಒಣಗೇತ್ರಿ. ಅಲ್ಲಿಂದ ಮ್ಯಾಲ ಮುಂಜಾನೆ ಖಡಕ್ ರೊಟ್ಟಿ, ಹನ್ನೊಂದರ ಮ್ಯಾಲ ನುಚ್ಚು-ಮಜ್ಜಿಗಿ. ಬೂಟಿಗೆ ಮುಳ್ಳು ಕಟ್ಟಲಾರದ ಯಾರೂ ಹೆಜ್ಜಿ ಇಡಬ್ಯಾಡ್ರಿ.” ಬಳಗದ ಬೆಂಗಳೂರು ಕಡೆಯವರ ಮಕ್ಕಳೂ ಈ ಪರಿಭಾಷೆಯನ್ನು ಕಲಿತುಬಿಟ್ಟಿದ್ದವು. ಇನ್ನೂ ಮೇಲಿನ ಸ್ಥಿತಿ ಹೇಗೆ ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ಒಂದೇ: ತಾವು ತುಳಿದದ್ದನ್ನಷ್ಟೇ ಹೇಳುವುದು, ತುಳಿಯದ್ದು ತಮಗೆ ಗೊತ್ತಿಲ್ಲ.

ಆದರೆ ಒಂದು ಕಾಲದಲ್ಲಿ ಅದನ್ನೂ ತುಳಿದಿದ್ದರು. ಆಗ ಒಬ್ಬರೇ ಇರಲಿಲ್ಲ. ಫ್ರೀಮಾಂಟಿನ ದ್ವಾರಕಾನಾಥರು ಜೊತೆಗಿದ್ದರು. ಮೈಸೂರಿನವರು, ಮಾತುಗಾರರು, ಬೆಟ್ಟ ಹತ್ತುವಾಗಲೂ ಹರಟೆ ನಿಲ್ಲಿಸದ ಶ್ವಾಸಕೋಶದವರು. ಗಡಿಯಾರ ಕಟ್ಟುವ ಅಭ್ಯಾಸವೇ ಇಲ್ಲ, ನಿಮ್ಮ ಕೈಯಲ್ಲಿದೆಯಲ್ಲ ಸಾಕು ಎನ್ನುವವರು. ಆ ಬೆಟ್ಟದ ಮೇಲೆ ಅವರವರ ಮಲವನ್ನು ಅವರವರೇ ಚೀಲದಲ್ಲಿ ಕಟ್ಟಿಕೊಂಡು ಹೊತ್ತು ಇಳಿಸಬೇಕೆಂಬುದು ನಿಯಮ. ಮಡಿವಂತರ ಮನೆಯಲ್ಲಿ ಬೆಳೆದ ದ್ವಾರಕಾನಾಥರು ಅದನ್ನು ಮೊದಲ ಸಲ ಕೇಳಿ ಶಿವ ಶಿವಾ ಎಂದು ಕಾರಿನಲ್ಲೇ ಕೂತುಬಿಟ್ಟಿದ್ದರಂತೆ. ಕೊನೆಗೆ ಆ ಚೀಲವನ್ನೂ ತಾವೇ ಹೊರುತ್ತೇನೆಂದು ವಿರುಪಾಕ್ಷಪ್ಪನವರು ಮಾತು ಕೊಟ್ಟ ಮೇಲೆ ಇಳಿದರಂತೆ. ಹಾಗೆ ಹೊತ್ತೂ ಹೊತ್ತರು. ಅಂಥ ಸ್ನೇಹ ಅದು, ಹನ್ನೆರಡು ವರ್ಷದ್ದು. ಭಾನುವಾರದ ಊಟ ದ್ವಾರಕಾನಾಥರ ಮನೆಯಲ್ಲಿ. ಅವರ ಹೆಂಡತಿ ಪದ್ಮಜಾ ಅಡುಗೆಗೆ ಅಕ್ಕಿ ಅಳೆಯುವಾಗಲೇ ವಿರುಪಾಕ್ಷಪ್ಪನವರ ಪಾಲು ಸೇರಿಸುತ್ತಿದ್ದರು. ಕೋಟಿನ ಹಸಿರು ತೇಪೆ ಆಕೆ ಹಾಕಿದ್ದು. ಸ್ನೇಹ ಕೂಡುವ ಹೊತ್ತಿಗೇ ದೊಡ್ಡವನಾಗಿದ್ದ ಮಗ ಸುಧನ್ವ ಇವರ ಭುಜದ ಮೇಲೆ ಕೂತು ಬೆಳೆಯಲಿಲ್ಲವೆನ್ನುವುದೊಂದು ಬಿಟ್ಟರೆ ಆ ಮನೆಯಲ್ಲಿ ಅವರಿಗೆ ಏನೂ ಕಡಿಮೆ ಇರಲಿಲ್ಲ.

ಇಬ್ಬರೂ ಕೂಡಿ ಮಾಡಿಕೊಂಡ ನಿಯಮವೊಂದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಹಿಂದಿರುಗಬೇಕು. ಶಿಖರ ಹತ್ತು ಮಾರಿನಲ್ಲಿದ್ದರೂ ಸರಿ. ಮಧ್ಯಾಹ್ನದ ಮೇಲೆ ಹಿಮ ಕರಗಿ ಕಲ್ಲು ಸಡಿಲವಾಗುತ್ತದೆ, ಮೋಡ ಕವಿಯುತ್ತದೆ, ಹತ್ತಿದ ದಾರಿಯೇ ಇಳಿಯುವಾಗ ಗುರುತು ಸಿಗುವುದಿಲ್ಲ. ಈ ನಿಯಮದ ದೆಸೆಯಿಂದಲೇ ಅವರು ಶಿಖರ ಮುಟ್ಟದೆ ಎಷ್ಟೋ ಸಲ ಇಳಿದಿದ್ದರು, ನಗುತ್ತಲೇ ಇಳಿದಿದ್ದರು.

ಐದು ವರ್ಷದ ಹಿಂದಿನ ಜೂನ್ ಮಾತ್ರ ಬೇರೆಯಾಗಿತ್ತು. ದ್ವಾರಕಾನಾಥರ ಎರಡು ಮೊಣಕಾಲೂ ಸವೆದಿದ್ದವು; ಆ ಬೇಸಿಗೆ ಕಳೆದರೆ ಶಸ್ತ್ರಚಿಕಿತ್ಸೆ, ಆಮೇಲೆ ಇಂಥ ಬೆಟ್ಟದ ಮಾತೇ ಇಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಅದು ಕೊನೆಯ ಅವಕಾಶ. ಕಡಿದಾದ ಹಿಮದ ಇಳಿಜಾರು ದಾಟಿ, ಕೊನೆಯ ದಿಬ್ಬವನ್ನೂ ಏರಿ, ಇಬ್ಬರೂ ಬಯಲಿನಂಥ ಜಾಗಕ್ಕೆ ಬಂದು ನಿಂತರು. ಶಿಖರ ಎದುರಿಗೇ ಇತ್ತು, ಇಪ್ಪತ್ತು ನಿಮಿಷದ ದಾರಿ. ಫೋನುಗಳು ಚಳಿಗೆ ಸತ್ತಿದ್ದವು. ವಿರುಪಾಕ್ಷಪ್ಪನವರು ಎಡಗೈ ನೋಡಿಕೊಂಡು, “ಹನ್ನೆರಡಾತ್ರಿ, ಇಳಿಯೋಣು” ಎಂದರು. ಇನ್ನು ಇಪ್ಪತ್ತೇ ನಿಮಿಷ ಕಣ್ರೀ ಎಂದು ದ್ವಾರಕಾನಾಥರು ಒಂದು ಸಲ ಹೇಳಿದರು, ಒಂದೇ ಸಲ. ಆಮೇಲೆ ಸ್ನೇಹಿತನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ, ಬೆನ್ನು ತಿರುಗಿಸಿ ಇಳಿಯತೊಡಗಿದರು. ಆ ದಿನ ಹಾಳಾದ ಒಂದು ಮೋಡವಾದರೂ ಬರಬಾರದಿತ್ತೇ? ಸಂಜೆಯವರೆಗೂ ಆಕಾಶ ತೊಳೆದಿಟ್ಟ ಹಾಗೆ ನಿರ್ಮಲವಾಗಿತ್ತು. ಕಾರಿನ ಬಳಿ ಬೂಟು ಬಿಚ್ಚುತ್ತ ದ್ವಾರಕಾನಾಥರು, ಇವತ್ತು ಮೋಡ ಬರಲೇ ಇಲ್ಲ ನೋಡಿ ಎಂದರು. ವಿರುಪಾಕ್ಷಪ್ಪನವರು ಕಾರಿನ ಕೀಲಿ ತಿರುವಿದರು. ಎದುರಿನ ಗಾಜಿನ ಕೆಳಗೆ ಬೆಳಗಿದ ಗಡಿಯಾರವನ್ನೂ ತಮ್ಮ ಕೈಯದನ್ನೂ ಒಟ್ಟಿಗೆ ಕಂಡರು. ಆದರೂ ಬಾಯಿ ತೆರೆಯಲಿಲ್ಲ. ಮುಂದಿನ ಭಾನುವಾರ ಊಟಕ್ಕೆ ಕರೆ ಬರಲಿಲ್ಲ.

ನಮ್ಮ ಕಡೆ ಬಹಳ ಮನೆಗಳ ಗೋಡೆ ಗಡಿಯಾರ ಐದೋ ಹತ್ತೋ ನಿಮಿಷ ಮುಂದೆಯೇ ಇರುತ್ತದೆ. ಬಸ್ಸು ತಪ್ಪಬಾರದೆಂದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ವಿರುಪಾಕ್ಷಪ್ಪನವರ ತಂದೆ ಎಲ್ಲರಿಗಿಂತ ಒಂದು ಕೈ ಮೇಲು, ಇಪ್ಪತ್ತೈದು ನಿಮಿಷ ಇಟ್ಟಿದ್ದರು. ಮಗ ಅದನ್ನು ಹಾಗೆಯೇ ಉಳಿಸಿಕೊಂಡು, ನೋಡಿದಾಗಲೆಲ್ಲ ಇಪ್ಪತ್ತೈದು ಕಳೆದು ಓದುತ್ತಿದ್ದರು. ಜೀವಮಾನವಿಡೀ ಕಳೆದವರು ಆ ಒಂದು ಸಲ ಕಳೆಯಲಿಲ್ಲ. ದಿಬ್ಬದ ಮೇಲೆ ಆಗ ನಿಜವಾದ ಸಮಯ ಹನ್ನೊಂದು ಮೂವತ್ತೈದು. ಅಂದರೆ ನಿಯಮ ಮುರಿಯದೆ ಶಿಖರ ಮುಟ್ಟಲು ವೇಳೆಯಿತ್ತು, ಐದು ನಿಮಿಷ ಉಳಿಯುತ್ತಲೂ ಇತ್ತು. ಬಲಗೈಯ ಗಡಿಯಾರವನ್ನು ಅವರು ಕೊಂಡದ್ದು ಮರುದಿನ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಈ ವರ್ಷದ ಮೇ ತಿಂಗಳಲ್ಲಿ. ಹೇಳಿಸಿದವನು ಸುಧನ್ವ. ಈಗ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಮೂವತ್ತು ದಾಟಿದೆ. ಅವನು ಅಪರೂಪಕ್ಕೆ ಬಳಗಕ್ಕೆ ಬರೆದಿದ್ದ, ಇಂಗ್ಲಿಷಿನಲ್ಲಿ: ಅಪ್ಪನ ಹಿಮಕೊಡಲಿ ತಗೊಂಡು ಜೂನಿನಲ್ಲಿ ಶಾಸ್ತಾ ಹತ್ತುತ್ತಿದ್ದೇನೆ, ಎಷ್ಟು ಗಂಟೆಗೆ ತಿರುಗಬೇಕೆಂದು ವಿರುಪಾಕ್ಷಪ್ಪ ಅಂಕಲ್ಲನ್ನೇ ಕೇಳು ಎಂದು ಅಪ್ಪ ಹೇಳಿದರು, ಹೇಳ್ತೀರಾ? ಆ ಶನಿವಾರ ಮೊದಲ ಬಾರಿಗೆ ಹಿಮದ ಸುದ್ದಿ ಬರಲಿಲ್ಲ. ಜ್ವರವೋ ಏನೋ ಎಂದು ನಾನು ಮೇಲೆ ಹೋದರೆ, ಫೋನು ಮುಂದಿಟ್ಟುಕೊಂಡು ಕೂತಿದ್ದರು. ‘ಹನ್ನೆರಡು’ ಎಂದು ಬರೆದು ಅಳಿಸಿ, ಬರೆದು ಅಳಿಸಿ, ಅದೇ ಕೆಲಸವಾಗಿತ್ತು. ತಮ್ಮ ಮಾತು ನಂಬಿ ಒಂದು ಜೀವ ಮೇಲೆ ಹೋಗುವಾಗ, ಆ ಮಾತಾಡುವ ಯೋಗ್ಯತೆ ತಮಗಿದೆಯೇ ಎಂಬುದು ಅವರನ್ನು ತಿನ್ನುತ್ತಿತ್ತು. ಕಥೆ ಪೂರ್ತಿ ಹೇಳಿ, ಕೊನೆಗೆ ಅಂದರು:

“ಮರ್ತ್ನೋ, ಮರ್ತಂಗ ಮಾಡಿದ್ನೋ, ಐದು ವರ್ಷ ಆತ್ರಿ, ನನಗ ಇನ್ನೂ ಗೊತ್ತಾಗವಲ್ದು.”

ಹೋಗಿ ಅವರಿಗೇ ಹೇಳಿಬಿಡಿ ಎಂದೆ. ಹೇಳುವುದು ಸುಲಭ, ನನಗೇನು. ಫೋನನ್ನು ಬೋರಲು ಹಾಕಿ, ನೀವೂ ಬನ್ನಿ, ಒಬ್ಬನೇ ಹೋದರೆ ಬಾಗಿಲಿನಿಂದಲೇ ತಿರುಗಿ ಬಂದೇನು ಎಂದರು. ಭಾನುವಾರ ಇಬ್ಬರೂ ಫ್ರೀಮಾಂಟಿಗೆ ಹೋದೆವು. ಕಾರು ನಿಲ್ಲಿಸಿದ ಜಾಗದಿಂದ ಬಾಗಿಲಿಗೆ ಮೂವತ್ತು ಹೆಜ್ಜೆ ಕೂಡ ಇರಲಿಲ್ಲ. ಅಷ್ಟರಲ್ಲೇ ಅವರು ಎರಡು ಸಲ ನಿಂತರು.

ಬಾಗಿಲು ತೆರೆದ ಪದ್ಮಜಾ ಒಂದು ಕ್ಷಣ ಮುಖ ನೋಡಿ, ಕೋಟಿನ ಮೊಣಕೈ ನೋಡಿ, ಬನ್ನಿ ಎಂದಷ್ಟೇ ಹೇಳಿ ಒಳಗೆ ಸರಿದರು. ದ್ವಾರಕಾನಾಥರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಕೋಲು ಗೋಡೆಗೆ ಒರಗಿತ್ತು. ಅವರು ಎದ್ದೇಳಲಿಲ್ಲ, ಮೊಣಕಾಲಿಗಾಗಿಯೋ ಮನಸ್ಸಿಗಾಗಿಯೋ ನಾನರಿಯೆ. ವಿರುಪಾಕ್ಷಪ್ಪನವರು ಕೂರಲಿಲ್ಲ. ಎಡಗೈಯ ಗಡಿಯಾರ ಬಿಚ್ಚಿ ಟೀಪಾಯಿಯ ಮೇಲಿಟ್ಟು, ನಿಂತುಕೊಂಡೇ, ತಮ್ಮ ವರದಿಗಳ ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು. ಅವತ್ತು ಕಡಿದಾದ ಇಳಿಜಾರಿನಲ್ಲಿ ತಮ್ಮ ಕಾಲು ಜಾರಿತ್ತು, ಹಿಮಕೊಡಲಿಗೆ ಜೋತುಬಿದ್ದು ಉಳಿದುಕೊಂಡಿದ್ದರು, ಅಲ್ಲಿಂದ ಮೇಲೆ ಒಂದೊಂದು ಹೆಜ್ಜೆಗೂ ಕೆಳಗೆ ನೋಡುತ್ತಲೇ ಹತ್ತಿದ್ದರು. ದಿಬ್ಬದ ಮೇಲೆ ಗಡಿಯಾರ ಹನ್ನೆರಡು ತೋರಿಸಿದಾಗ ಆಗಿದ್ದು ಹನ್ನೊಂದು ಮೂವತ್ತೈದು.

“ಮರ್ತಿರಲಿಲ್ರಿ,” ಎಂದರು. “ಅಂಜಿದ್ದೆ.”

ನಿನ್ನೆಯವರೆಗೂ ತಮಗೇ ಗೊತ್ತಿಲ್ಲವೆಂದಿದ್ದ ಮನುಷ್ಯ.

ದ್ವಾರಕಾನಾಥರು ಆ ಗಡಿಯಾರವನ್ನು ಎತ್ತಿಕೊಂಡು ಅದರ ಗೀರಿನ ಮೇಲೆ ಹೆಬ್ಬೆರಳಾಡಿಸಿದರು. ಅವರ ಮಾತು ನಿಧಾನವಾಗಿ ಬಂತು.

“ಇದು ಇಪ್ಪತ್ತೈದು ನಿಮಿಷ ಮುಂದೆ ಅಂತ ನನಗೆ ಗೊತ್ತಿರಲಿಲ್ವೇನ್ರೀ? ಹನ್ನೆರಡು ವರ್ಷ ಜೊತೇಲಿ ನಡೆದಿದ್ದೀನಿ. ನಿಮ್ಮ ಮುಖ ನೋಡಿದೆ. ಹೆದರಿದೋರನ್ನ ಮೇಲಕ್ಕೆ ಕರ್ಕೊಂಡು ಹೋಗೋಕಾಗುತ್ತಾ? ಅದಕ್ಕೇ ಇಳಿದೆ. ಕಾರಿನ ಹತ್ರ ಹೇಳ್ತೀರಿ ಅಂದ್ಕೊಂಡೆ. ಮೋಡದ ಮಾತು ತೆಗೆದಿದ್ದೂ ಅದಕ್ಕೇ. ಆಮೇಲೆ ಮನೆಗೆ ಬಂದು ಹೇಳ್ತೀರಿ ಅಂದ್ಕೊಂಡೆ.” ಗಡಿಯಾರವನ್ನು ಮತ್ತೆ ಟೀಪಾಯಿಯ ಮೇಲಿಟ್ಟರು. “ಐದು ವರ್ಷ, ಪ್ರತಿ ಶನಿವಾರ ನಿಮ್ಮ ವರದಿ ಕೇಳಿಸ್ಕೊಂಡಿದ್ದೀನಿ. ಹಿಮದ ಬಗ್ಗೆ ಒಂದು ಸುಳ್ಳಿಲ್ಲ. ಇದೊಂದು ಮಾತ್ರ ಬರಲಿಲ್ಲ.”

ಶಿಖರ ಬಿಟ್ಟುಕೊಟ್ಟವನಿಗೆ ಇಪ್ಪತ್ತು ನಿಮಿಷವೇನೂ ದುಬಾರಿಯಾಗಿರಲಿಲ್ಲ. ಒಂದು ಮಾತಿಗಾಗಿ ಕಾದ ಐದು ವರ್ಷವೇ ದುಬಾರಿಯಾಗಿತ್ತು. ಅದನ್ನು ಹಿಂದಕ್ಕೆ ಕೊಡುವ ದಾರಿ ಇಬ್ಬರಲ್ಲಿ ಯಾರಿಗೂ ತಿಳಿದಿರಲಿಲ್ಲ. ವಿರುಪಾಕ್ಷಪ್ಪನವರ ಕಣ್ಣು ತುಂಬಿತ್ತು. ಒಳಗಿನಿಂದ ಅಕ್ಕಿ ಅಳೆಯುವ ಸದ್ದು ಕೇಳಿಸಿತು, ಒಂದು ಪಾವು, ಎರಡು ಪಾವು, ಆಮೇಲೆ ಒಂದಿಷ್ಟು ತಡೆದು ಮೂರನೆಯದು.

ಊಟವಾದ ಮೇಲೆ ವಿರುಪಾಕ್ಷಪ್ಪನವರು ಅಲ್ಲೇ ಕೂತು ಸುಧನ್ವನಿಗೆ ಧ್ವನಿ ಕಳಿಸಿದರು. “ಹನ್ನೆರಡಕ್ಕ ತಿರುಗಬೇಕಪಾ. ಅದಕ್ಕೂ ಮೊದಲ ಅಂಜಿಕಿ ಬಂದ್ರ, ಅಂಜಿಕಿ ಬಂತು ಅಂತ ಜೋಡಿ ಇದ್ದವರಿಗೆ ಬಾಯಿ ಬಿಟ್ಟು ಹೇಳು. ಹೇಳಿ ಇಳಿ.”

ಸುಧನ್ವ ಜೂನಿನಲ್ಲಿ ಹತ್ತಿ, ಇಳಿದು, ಕ್ಷೇಮವಾಗಿ ಬಂದ. ದ್ವಾರಕಾನಾಥರ ಕಾಲು ಆ ಬೆಟ್ಟಕ್ಕೆ ಮತ್ತೆ ಬರುವ ಹಾಗಿಲ್ಲ. ವಿರುಪಾಕ್ಷಪ್ಪನವರು ಈಗಲೂ ಶುಕ್ರವಾರ ಒಬ್ಬರೇ ಕಾರು ಹತ್ತುತ್ತಾರೆ, ಪಕ್ಕದ ಸೀಟು ಖಾಲಿಯೇ ಇರುತ್ತದೆ. ಎಡಗೈಯ ಮಣಿಕಟ್ಟಿನಲ್ಲಿ ಈಗ ಬಿಸಿಲು ಕಾಣದ ಒಂದು ಬಿಳಿಯ ಪಟ್ಟಿ ಮಾತ್ರ ಇದೆ. ಗಡಿಯಾರ ಫ್ರೀಮಾಂಟಿನ ಟೀಪಾಯಿಯ ಮೇಲೆಯೇ ಉಳಿಯಿತು. ದ್ವಾರಕಾನಾಥರು ದಿನಾ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುತ್ತಾರಂತೆ, ಇಪ್ಪತ್ತೈದು ನಿಮಿಷ ಮುಂದೆಯೇ ಇಟ್ಟಿದ್ದಾರಂತೆ.

ಪರರ ಹೆಜ್ಜೆಗಾಗಿ ಹಿಮದ ಒಂದೊಂದು ಪದರವನ್ನೂ ತುಳಿದು ಪರೀಕ್ಷಿಸುವವರು, ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಇಂಚು ತಪ್ಪದೆ ಸಾರುವವರು ಲೋಕದಲ್ಲಿ ಕೆಲವರಾದರೂ ಇದ್ದಾರೆ. ಅವರ ಮಾತು ನಂಬಿ ನಾವು ಮೇಲಕ್ಕೆ ಹೋಗಿ ಜೀವಸಹಿತ ಕೆಳಗೆ ಬರುತ್ತೇವೆ. ಅವರು ಒಂಟಿಯಾಗಿರುವುದು ಜನರಿಲ್ಲದೆ ಅಲ್ಲ. ತಮ್ಮೊಳಗೆ ಎಲ್ಲಿ ಕಾಲು ಹೂತುಕೊಳ್ಳುತ್ತದೆಂಬುದನ್ನು ಅವರು ಯಾರಿಗೂ ವರದಿ ಮಾಡುವುದಿಲ್ಲ. ಅದನ್ನು ಮೊದಲೇ ತಿಳಿದವರೊಬ್ಬರು ಎಲ್ಲೋ ಕುರ್ಚಿಯಲ್ಲಿ ಕೂತು, ಇವರೇ ಬಂದು ಹೇಳಲಿ ಎಂದು ಕಾಯುತ್ತಿರುತ್ತಾರೆ.