ಕಸಿಯಬಾರದು, ಕಸಿಯಲಾಗದು

ಬಿಸಿಲು ಮತ್ತೆ ಹಾಳೆಯಿಂದ ಜಾರಿ ಬಾಲ್ಕನಿಯ ಕಂಬಿಗೆ ಹೋಗಿ ಕೂತಿದೆ, ಕುರ್ಚಿಯನ್ನು ಇನ್ನೊಂದು ಗೇಣು ಎಳೆದುಕೊಳ್ಳಬೇಕು, ನವೆಂಬರಿನಲ್ಲಿ ಮಯೂರ್ ವಿಹಾರದ ಈ ಮೂರನೇ ಮಹಡಿಗೆ ಬಿಸಿಲು ಬರುವುದೇ ಒಂದು ತಾಸು, ಅದೂ ಹೊಗೆಯಲ್ಲಿ ಸೋಸಿಕೊಂಡು, ನೀರುಮಜ್ಜಿಗೆಯ ಹಾಗೆ — ಕೆಳಗೆ ತರಕಾರಿ ಗಾಡಿಯ ಭಯ್ಯಾನ ಧ್ವನಿ, ಅವನದಲ್ಲ, ಅವನು ರೆಕಾರ್ಡ್ ಮಾಡಿಟ್ಟಿರುವ ಧ್ವನಿ, ಮಟರ್ ಲೇ ಲೋ, ಗೋಭೀ ಲೇ ಲೋ, ನಡುವೆ ಉಸಿರೇ ಇಲ್ಲ, ಮಗ ಕಾರ್ತಿಕನ ಪುಸ್ತಕದ ಪ್ರಕಾರ ಇವನು ದೊಡ್ಡ ಮಾಂತ್ರಿಕನಾಗಬೇಕಿತ್ತು, ಯಾಕೆಂದರೆ ಆ ಲೋಕದಲ್ಲಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಮಂತ್ರ ಮಾತ್ರ ಫಲಿಸುತ್ತದೆ, ನಡುವೆ ಉಸಿರು ಕಡಿದರೆ ಅರ್ಧ ಫಲ, ಬಾಗಿಲು ಅರ್ಧ ತೆರೆಯುತ್ತದೆ, ದೀಪ ಅರ್ಧ ಹೊತ್ತುತ್ತದೆ. ಅದು ಮೊದಲನೆಯ ನಿಯಮ, ಕನ್ನಡಕ್ಕೆ ತರುವುದು ಕಷ್ಟವಾಗಲಿಲ್ಲ. ಹೊರಬಿಟ್ಟ ಉಸಿರಿನಿಂದ ಶುರುವಾದದ್ದು ಒಳಗೆಳೆದ ಉಸಿರಿನಿಂದಲೇ ಮುಗಿಯಬೇಕು, ಎರಡನೆಯದು, ಹಾಗಾಗಿ ಬೆಂಕಿ ಹಚ್ಚುವ ಮಾಂತ್ರಿಕರಿಗೆಲ್ಲ ಕೆಮ್ಮು, ಹಚ್ಚಿದ ಬೆಂಕಿ ಒಂದು ದಿನ ಎದೆಗೇ ಹಿಂತಿರುಗಿ ಬರುತ್ತದೆ, ಅದೂ ಸರಿ. ಸಾವಾದ ಮನೆಯಲ್ಲಿ ಮುಂದಿನ ಮಳೆಯವರೆಗೆ ಯಾವ ಮಂತ್ರವೂ ನಡೆಯುವುದಿಲ್ಲ, ಮೂರನೆಯದು. ನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಂಡು ಹನ್ನೊಂದು ದಿನವಾಯಿತು. ಉಸಿರನ್ನು ಕೊಡಬಹುದು, ಅಲ್ಲಿಗೆ ಒಂದು ಪೂರ್ಣವಿರಾಮ, ಆಮೇಲೆ ಇಂಗ್ಲಿಷಿನಲ್ಲಿ ಅವನು ಬರೆದಿರುವುದು ಕ್ಯಾನಾಟ್, ಈ ಕ್ಯಾನಾಟ್ ಯಾವ ಕ್ಯಾನಾಟ್. ಕಸಿಯಬಾರದು ಎನ್ನಲೇ, ಕಸಿಯಲಾಗದು ಎನ್ನಲೇ, ಒಂದರಲ್ಲಿ ಕಸಿದರೆ ಪಾಪ, ಇನ್ನೊಂದರಲ್ಲಿ ಕಸಿಯುವುದು ಸಾಧ್ಯವೇ ಇಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಸುತ್ತೋಲೆಗಳನ್ನು ಕನ್ನಡ ಮಾಡಿದವಳು ನಾನು, ಮಾಡತಕ್ಕದ್ದು, ಮಾಡತಕ್ಕದ್ದಲ್ಲ, ಮಾಡಬಹುದಾಗಿದೆ, ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿದ್ದ ದಿನಗಳಲ್ಲಿ ಇವರು ಊಟಕ್ಕೆ ಕೂತು ನಗುತ್ತಿದ್ದರು, ವೈಜಯಂತಿಯವರೇ, ಇನ್ನೊಂದು ಚಪಾತಿ ಬಡಿಸತಕ್ಕದ್ದು.

ಇವರು ಎಂದರೆ ಇಂದುಶೇಖರ, ಈಗ ಗೋಡೆಯ ಮೇಲಿದ್ದಾರೆ. ಕಾರ್ತಿಕ್ ಒಂದು ಗಂಟೆಗೆ ಊಟಕ್ಕೆ ಬರುತ್ತಾನೆ, ಇಂದಿರಾಪುರಂನಿಂದ ಭಾನುವಾರ ಅರ್ಧ ಗಂಟೆಯ ದಾರಿ, ಅಷ್ಟರಲ್ಲಿ ನಿರ್ಧಾರವಾಗಬೇಕು. ಆಫೀಸಿನ ಕೆಲಸ ಮುಗಿಸಿ ಎರಡು ವರ್ಷ ಕೂತು ಬರೆದ, ಓದಲು ಕೊಡುವ ಬದಲು ಕನ್ನಡ ನೀನೇ ಮಾಡು ಅಮ್ಮ ಎಂದ, ಕನ್ನಡ ಓದಲು ಬಾರದವನಿಗೆ ಕನ್ನಡದಲ್ಲಿ ಯಾಕೆ ಬೇಕು ಎಂದು ನಾನು ಕೇಳಲಿಲ್ಲ, ಹೆಮ್ಮೆಯಾಗಿತ್ತು. ಅವನ ನಾಯಕಿಯ ಹೆಸರು ಇಲ್ವಾ, ಕುಂಬಾರಗಿತ್ತಿ, ಇಲ್ವಾ ಬಂದಳು, ಇಲ್ವಾ ಕೂತಳು ಎಂದು ಬರೆದರೆ ಓದುವವರು ನಗುತ್ತಾರೆ ಕಣೋ ಎಂದರೆ, ಗುಡ್, ನಗಲಿ ಎಂದಿದ್ದ. ಇಲ್ವಾ ಮಾಡುವ ಮಡಕೆಗಳಲ್ಲಿ ಜನ ಉಸಿರು ತುಂಬಿಸಿ ಬಾಯಿ ಕಟ್ಟಿ ಇಡುತ್ತಾರೆ, ಮೂರು ದಿನ ಕೆಡುವುದಿಲ್ಲ, ಕಿವಿಗಿಟ್ಟು ಕೇಳಿದರೆ ಒಳಗೆ ಯಾರೋ ಮಲಗಿದ ಸದ್ದು, ಸಂತೆಗೆ ನಡೆದು ಹೋಗಲಾಗದ ಮುದುಕರಿಗೆ, ಹೆರಿಗೆಯ ಹೆಂಗಸಿಗೆ, ಬೇರೆಯವರು ಕೊಟ್ಟ ಮಡಕೆ, ಚೆನ್ನಾಗಿದೆ, ಅಲ್ಲಿಯವರೆಗೂ ನಾನು ಖುಷಿಯಾಗಿ ಅನುವಾದಿಸುತ್ತಿದ್ದೆ, ಹನ್ನೊಂದನೆಯ ಅಧ್ಯಾಯದವರೆಗೆ. ಅಲ್ಲಿ ಅವಳ ಮಗುವಿಗೆ ಉಸಿರು ನಿಲ್ಲುತ್ತಾ ಬರುತ್ತದೆ, ಮನೆಯಲ್ಲಿ ತುಂಬಿದ ಮಡಕೆ ಒಂದೂ ಇಲ್ಲ, ಗಂಡ ಓಮನ್ ಜ್ವರದಲ್ಲಿ ಮಲಗಿದ್ದಾನೆ, ಇಲ್ವಾ ಖಾಲಿ ಮಡಕೆಯನ್ನು ಅವನ ಬಾಯಿಗೆ ಹಿಡಿಯುತ್ತಾಳೆ, ಅವನನ್ನು ಎಬ್ಬಿಸುವುದಿಲ್ಲ, ಕೇಳುವುದಿಲ್ಲ, ತುಂಬಿಕೊಳ್ಳುತ್ತಾಳೆ. ಮಗು ಸೀನುತ್ತದೆ. ಓಮನ್ ಏಳುವುದಿಲ್ಲ. ಊರಿಗೆಲ್ಲ ಅವಳು ಹೇಳುತ್ತಾಳೆ, ಅವನ ಪಾಲಿನ ಉಸಿರೇ ಅಷ್ಟಿತ್ತು. ಆ ಪುಟ ಓದಿ ನಾನು ಎದ್ದು ಹೋಗಿ ಗ್ಯಾಸ್ ಆರಿಸಿದೆ, ಆಮೇಲೆ ನೋಡಿದರೆ ಒಲೆಯ ಮೇಲೆ ಏನೂ ಇರಲಿಲ್ಲ, ಗ್ಯಾಸ್ ಹಚ್ಚಿರಲೂ ಇಲ್ಲ.

ಯಾಕೆಂದರೆ ಅವನಿಗೆ ಗೊತ್ತಿರಬಾರದು. ಗೊತ್ತಿರಲಾಗದು — ನೋಡು, ಇಲ್ಲೂ ಅದೇ. ಕೊರೊನಾದ ಆ ಏಪ್ರಿಲ್, ಅಪ್ಪ ಮಗ ಇಬ್ಬರೂ ಇದೇ ಹಾಲ್‌ನಲ್ಲಿ, ಇವರು ದಿವಾನದ ಮೇಲೆ, ಕಾರ್ತಿಕ್ ಕೆಳಗೆ ಹಾಸಿಗೆಯಲ್ಲಿ, ಆಸ್ಪತ್ರೆಗಳಲ್ಲಿ ಜಾಗ ಇರಲಿಲ್ಲ, ಫೋನು ಮಾಡಿ ಮಾಡಿ ನನ್ನ ಕಿವಿ ಉರಿಯುತ್ತಿತ್ತು, ಮೇಲಿನ ಮನೆಯ ಚೋಂದಮ್ಮ, ಅವಳ ಯಜಮಾನರು ಸೈನ್ಯದಲ್ಲಿದ್ದವರು, ಎಲ್ಲಿಂದಲೋ ಒಂದು ಆಕ್ಸಿಜನ್ ಸಿಲಿಂಡರ್ ತಂದು ಮೆಟ್ಟಿಲ ಮೇಲೆ ತಾನೇ ಉರುಳಿಸಿಕೊಂಡು ಬಂದಳು. ಒಂದೇ ಸಿಲಿಂಡರ್, ಒಂದೇ ಮೂಗಿನ ಕೊಳವೆ. ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆದೆ, ಒಂದು ತಾಸು ಇವರಿಗೆ, ಒಂದು ತಾಸು ಅವನಿಗೆ, ಸುತ್ತೋಲೆಯ ಹಾಗೆ ಅಚ್ಚುಕಟ್ಟಾಗಿ. ಮಧ್ಯಾಹ್ನ ಮೂರರಿಂದ ನಾಲ್ಕು ಇವರ ಸರದಿ. ಮೂರು ಇಪ್ಪತ್ತಕ್ಕೆ ಕಾರ್ತಿಕನ ಬೆರಳಿಗೆ ಸಿಕ್ಕಿಸಿದ್ದ ಯಂತ್ರ ಎಪ್ಪತ್ತೆಂಟು ತೋರಿಸಿತು, ತುಟಿ ನೇರಳೆ ಬಣ್ಣ, ಇವರು ಕಣ್ಣು ಮುಚ್ಚಿದ್ದರು, ನಾನು ಎಬ್ಬಿಸಲಿಲ್ಲ, ಕೇಳಲಿಲ್ಲ, ಕೊಳವೆ ತೆಗೆದು ಅವನಿಗೆ ಹಾಕಿದೆ, ಒಂದು ತಾಸಲ್ಲ, ಆಮೇಲೆ ತೆಗೆಯಲೇ ಇಲ್ಲ, ಐದೂ ಮುಕ್ಕಾಲಿಗೆ ಇವರು ಹೋದರು, ಹೊರಗೆ ಇನ್ನೂ ಬೆಳಕಿತ್ತು. ಎಲ್ಲರಿಗೂ ಹೇಳಿದ್ದು, ಆಗ ಕಾರ್ತಿಕನ ಸರದಿಯಿತ್ತು ಎಂದು. ಹಾಳೆಯಲ್ಲೂ ಹಾಗೆಯೇ ತಿದ್ದಿದೆ. ಚೋಂದಮ್ಮನೊಬ್ಬಳಿಗೆ ಬಿಟ್ಟು ಯಾರಿಗೂ ನಿಜ ಹೇಳಿಲ್ಲ, ಅದೂ ಹೋದ ವರ್ಷ. ಹಾಗಾದರೆ ಇಲ್ವಾ ಎಲ್ಲಿಂದ ಬಂದಳು, ಆ ಖಾಲಿ ಮಡಕೆ ಎಲ್ಲಿಂದ ಬಂತು, ಸುಮ್ಮನೆ ಬಂದಿರಬಹುದು, ಕಥೆ ಬರೆಯುವವರಿಗೆ ಏನೇನೋ ಬರುತ್ತದೆ. ಅಥವಾ ನನ್ನ ಕೈಯಲ್ಲೇ ಬರೆಸಬೇಕೆಂದು ಕೊಟ್ಟನೋ, ಕಸಿಯಬಾರದು ಎಂದು, ನನ್ನದೇ ಅಕ್ಷರದಲ್ಲಿ, ನನ್ನದೇ ಭಾಷೆಯಲ್ಲಿ. ಇಲ್ಲ, ಅವನು ಅಂಥವನಲ್ಲ. ಅಂಥವನೋ ಅಲ್ಲವೋ, ನಾನು ಅವನನ್ನು ಕೇಳಿದ್ದೇನೆಯೇ, ಯಾವುದನ್ನಾದರೂ.

ಬೆಲ್ಲು. ಅವನೇ, ಶೂ ಬಿಚ್ಚುತ್ತಾ ಅರೇ ಅಮ್ಮ, ಈ ಗಾಳಿಯಲ್ಲಿ ಬಾಲ್ಕನಿಯಲ್ಲಿ ಕೂತ್ಕೊಂಡಿದೀಯಾ ಎಂದು ಬೈಯುತ್ತಾ, ಬಾಗಿಲು ಮುಚ್ಚುತ್ತಾ, ದಪ್ಪಗಾಗಿದ್ದಾನೆ, ಒಳ್ಳೆಯದೇ. ತಿಳಿಸಾರು, ಹುರುಳಿಕಾಯಿ ಪಲ್ಯ, ಎರಡು ಸಲ ಬಡಿಸಿದೆ. ಬಾಸ್ ಬಗ್ಗೆ ಏನೋ ಹೇಳುತ್ತಿದ್ದ, ಮೆಟ್ರೋ ಬಗ್ಗೆ, ನನಗೆ ಕೇಳಿಸಲಿಲ್ಲ, ನಾಲಿಗೆಯ ತುದಿಯಲ್ಲಿ ಒಂದೇ ಮಾತು ಕೂತಿತ್ತು, ಕಡೆಗೆ ಆಡಿಬಿಟ್ಟೆ, ನಾಲ್ಕನೇ ನಿಯಮ ಕಣೋ, ಕ್ಯಾನಾಟ್ ಅಂತ ಬರೆದಿದೀಯಲ್ಲ, ಅದು ಬಾರದೋ, ಆಗದೋ. ಮತ್ಲಬ್ ಎಂದ. ಮಾಡೋದು ತಪ್ಪೋ, ಮಾಡೋಕೇ ಆಗಲ್ವೋ ಎಂದೆ. ಅವನು ಯೋಚಿಸಲೂ ಇಲ್ಲ, ಆಗದು, ಅಮ್ಮ, ಅದು ಕಾನೂನಲ್ಲ, ಫಿಸಿಕ್ಸ್ ಥರ, ನೀರು ಮೇಲಕ್ಕೆ ಹರೀಬಾರದು ಅಂತ ಯಾರಾದ್ರೂ ಬೋರ್ಡ್ ಹಾಕ್ತಾರಾ. ನನಗೆ ಸಿಟ್ಟು ಬಂತು, ಅದು ಸಿಟ್ಟೇ ಎಂದು ಈಗಲೂ ಹೇಳಲಾರೆ, ಹಾಗಾದ್ರೆ ನಿನ್ನ ಹನ್ನೊಂದನೇ ಅಧ್ಯಾಯ ತಪ್ಪು ಎಂದೆ, ಇಲ್ವಾ ಕಸ್ಕೊಂಡಳಲ್ಲ, ಮಗು ಬದುಕಿತಲ್ಲ, ನಿನ್ನ ನಿಯಮ ನೀನೇ ಮುರಿದಿದೀಯ. ಅವನು ಅನ್ನವನ್ನು ಕಲಸುತ್ತಲೇ ಇದ್ದ, ಕಲಸಿದ್ದನ್ನೇ ಮತ್ತೆ ಕಲಸಿದ. ಮುರಿದಿಲ್ಲ ಅಮ್ಮ. ಕಸ್ಕೊಂಡೆ ಅಂತ ಅವಳು ಅಂದ್ಕೊಂಡಿದಾಳೆ. ಓಮನ್ ನಿದ್ದೆ ಮಾಡ್ತಿರಲಿಲ್ಲ, ಅವನೇ ಕೊಟ್ಟಿದ್ದು, ಕೊಡದೇ ಇದ್ದಿದ್ರೆ ಮಡಕೆ ತುಂಬ್ತಾನೇ ಇರಲಿಲ್ಲ. ಮುಂದಿನ ಪುಸ್ತಕದಲ್ಲಿ ಬರುತ್ತೆ, ಮಗು ಹೇಳುತ್ತೆ. ಮಗುಗೆ ಹೇಗೆ ಗೊತ್ತು ಎಂದೆ. ಮಗು ನೋಡ್ತಿತ್ತು ಎಂದ.

ಗಾಳಿ ಶುದ್ಧ ಮಾಡುವ ಯಂತ್ರ ಮೂಲೆಯಲ್ಲಿ ಗುಯ್‌ಗುಟ್ಟುತ್ತಿತ್ತು. ನೀನು ನೋಡ್ತಿದ್ಯಾ, ಕಾರ್ತಿಕ್. ಹೂಂ. ತಟ್ಟೆ ನೋಡಿಕೊಂಡೇ ಹೇಳಿದ, ಅಪ್ಪ ಕಣ್ಣು ಬಿಟ್ರು, ನನ್ನನ್ನ ನೋಡಿದ್ರು, ನೀನು ಹತ್ರ ಬರೋದಕ್ಕೆ ಮುಂಚೆನೇ ಎರಡು ಬೆರಳಲ್ಲಿ ಕಿವಿ ಹಿಂದಿಂದ ಅದನ್ನ ಬಿಡಿಸಿದ್ರು, ಆಮೇಲೆ ಕಣ್ಣು ಮುಚ್ಕೊಂಡ್ರು, ನಿನ್ನ ಕೈ ಆಮೇಲೆ ಬಂತು. ನಿಂಗೆ ಗೊತ್ತು ಅಂತಲೇ ಅಂದ್ಕೊಂಡಿದ್ದೆ. ಹೋದ ವರ್ಷ ಚೋಂದಮ್ಮ ಆಂಟಿ ಹತ್ರ ಹೇಳ್ಕೊಂಡು ಅಳ್ತಿದ್ಯಲ್ಲ, ನಾನು ಬಾಗಿಲಲ್ಲಿದ್ದೆ, ನಿಂಗೆ ಗೊತ್ತಿಲ್ಲ ಅಂತ ಆಗ ಗೊತ್ತಾಯ್ತು. ಹೇಳೋಕೆ ಬರಲಿಲ್ಲ ಅಮ್ಮ. ಬರಿಯೋಕೆ ಬಂತು. ನನಗೆ ಅಳು ಬರಬೇಕಿತ್ತು, ಬರಲಿಲ್ಲ, ಮಜ್ಜಿಗೆ ಹಾಕಲಾ ಎಂದು ಕೇಳಿದೆ, ಹಾಕು ಎಂದ, ನನ್ನ ಕೈಯಿಂದ ಪಾತ್ರೆಯನ್ನು ತಾನೇ ತೆಗೆದುಕೊಂಡ. ಈಗ ಒಳಗೆ ಕೈ ತೊಳೆಯುತ್ತಿದ್ದಾನೆ, ನಲ್ಲಿ ಹರಿಯುತ್ತಿದೆ, ನಾನು ಪೆನ್ನು ಹಿಡಿದು ಬರೆದಿದ್ದೇನೆ, ಕಸಿಯಲಾಗದು, ಚೆನ್ನಾಗಿ ಕಾಣುತ್ತದೆ, ಸರಿಯಾಗಿದೆ, ಅವನ ಲೋಕದಲ್ಲಿ ಸರಿಯಾಗಿದೆ — ಆದರೆ ಅವತ್ತು ಅವನಿಗೆ ಜ್ವರ ನೂರಮೂರಿತ್ತು, ಗೋಡೆ ಗಡಿಯಾರದೊಳಗೆ ಮೀನು ಈಜ್ತಿದೆ ಅಮ್ಮ ಎಂದಿದ್ದನಲ್ಲ, ಅದೇ ಮಧ್ಯಾಹ್ನ, ಮೀನು ಕಂಡ ಕಣ್ಣಿಗೆ ಬೆರಳು ಕಂಡಿತೋ, ಅಥವಾ ಅಮ್ಮನಿಗಾಗಿ ಕಂಡುಕೊಂಡನೋ, ನಿಯಮವನ್ನೇ ಹೊಸದಾಗಿ ಮಾಡಿ ನನ್ನನ್ನು ಅದರೊಳಗೆ ಬಿಟ್ಟನೋ. ನನ್ನ ಬೆರಳಿಗೆ ಇವರ ಕಿವಿ ನೆನಪಿದೆ, ಬಿಸಿಯಾಗಿತ್ತು, ಅಂದರೆ ನಾನೇ ಮುಟ್ಟಿದ್ದೆ, ಆದರೆ ಕೊಳವೆ, ಅದು ಕಿವಿಯ ಹಿಂದೆ ಇತ್ತೋ, ಆಗಲೇ ಕೆನ್ನೆಯ ಮೇಲೆ ಬಿದ್ದಿತ್ತೋ, ನಾನು ಬಿಡಿಸಿದೆನೋ, ಬರೀ ಎತ್ತಿಕೊಂಡೆನೋ, ನೆನಪಿಸಿಕೊಳ್ಳಲು ಹೋದರೆ ಅವನು ಹೇಳಿದ್ದೇ ಕಾಣುತ್ತದೆ, ಮೊದಲು ಹೀಗೆ ಕಾಣುತ್ತಿರಲಿಲ್ಲ, ಎರಡು ಬೆರಳು, ಮಡಚಿಕೊಳ್ಳುವ ಕಿವಿ, ಇವರ ಬೆರಳೋ ನನ್ನ ಬೆರಳೋ, ಉಗುರು ನೋಡಿದರೆ ತಿಳಿಯುತ್ತದೆ, ಉಗುರು ಕಾಣುವುದಿಲ್ಲ, ಮತ್ತೆ ಮೊದಲಿನಿಂದ, ಕಣ್ಣು ಬಿಟ್ಟರು, ಇಲ್ಲ, ಕಣ್ಣು ಮುಚ್ಚಿತ್ತು, ಎರಡು ಬೆರಳು, ಕಿವಿ ಮಡಚಿಕೊಂಡಿತು, ಕೊಳವೆ ಬಿಟ್ಟಿತು, ಕಿವಿ ಮತ್ತೆ ನೆಟ್ಟಗಾಯಿತು — ಎರಡು ಬೆರಳು, ಕಿವಿ ಮಡಚಿಕೊಂಡಿತು — ಎರಡು ಬೆರಳು