ಕರೆಂಟಿಗಿಂತ ಮೊದಲೊಂದು ಬರೆ

ನಾರಾಯಣಖೇಡದ ಸುತ್ತಿನ ಹಳ್ಳಿಗಳಲ್ಲಿ ಕಾಯಿಲೆ ಬಿದ್ದ ಕುರಿಗೆ ಬರೆ ಹಾಕಬೇಕೆಂದರೆ ಜನ ಕಲ್ಯಾಣಪ್ಪನನ್ನೇ ಕರೆಯುತ್ತಿದ್ದರು. ಕಾಯಿಸಿದ ಕುಡಗೋಲನ್ನು ಎಲ್ಲಿ ಮುಟ್ಟಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಅವನೊಬ್ಬನಿಗೇ ಗೊತ್ತು ಎಂದು ಊರು ನಂಬಿತ್ತು. ಬದುಕಿದ ಕುರಿ ಅವನ ಕೈಗುಣದ ಲೆಕ್ಕಕ್ಕೆ, ಸತ್ತದ್ದು ದೇವರ ಲೆಕ್ಕಕ್ಕೆ. ಹೆಸರು ಬೆಳೆಯುವುದೇ ಹೀಗೆ.

ಅವನ ಹೆಂಡತಿ ಶರಣಬಸಮ್ಮನಿಗೆ ಲಿವರ್ ಕ್ಯಾನ್ಸರ್ ಎಂದು ಜಹೀರಾಬಾದಿನಲ್ಲಿ ಗೊತ್ತಾಯಿತು. ತಾಂಡೂರಿಗೆ ಕೊಟ್ಟ ಮಗಳು ಸ್ವಾತಿ ಕಂಡ ಕಂಡ ಡಾಕ್ಟರ ಬಾಗಿಲು ತಟ್ಟಿ, ಕಡೆಗೆ ಅಪ್ಪ ಅವ್ವನನ್ನು ಹೈದರಾಬಾದಿನ ಒಂದು ಆಸ್ಪತ್ರೆಗೆ ಕರೆದೊಯ್ದಳು. ಗಂಟು ದೊಡ್ಡ ರಕ್ತನಾಳಕ್ಕೆ ಅಂಟಿ ಕೂತಿದೆ, ಕೊಯ್ಯಲಾಗದು, ಸುಡಲೂ ಆಗದು ಎಂದರು ಅಲ್ಲಿಯ ಡಾಕ್ಟರಮ್ಮ. ಉಳಿದದ್ದು ಒಂದು ಹೊಸ ದಾರಿ. ರಕ್ತಕ್ಕೆ ಔಷಧ ಬಿಟ್ಟು, ಗಂಟಿನ ಸುತ್ತ ಸೂಜಿ ಇಳಿಸಿ, ಕ್ಷಣಮಾತ್ರ ಕರೆಂಟ್ ಹರಿಸುವುದು. ಆಗ ಗಂಟಿನ ಕಣಗಳು ಬಾಯಿ ತೆರೆದು ಔಷಧವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಗ್ಯಾರಂಟಿ ಇಲ್ಲ, ಆದರೆ ಗಂಟು ಇನ್ನೂ ಚಿಕ್ಕದು, ಈಗಲೇ ಮಾಡಿದರೆ ಆಸೆಯಿದೆ ಎಂದು ಹೇಳಿ ಮುಂದಿನ ವಾರ ಬರಲು ತಿಳಿಸಿದರು.

ಇಷ್ಟೆಲ್ಲದರಲ್ಲಿ ಕಲ್ಯಾಣಪ್ಪನ ತಲೆಗೆ ಹೊಕ್ಕದ್ದು ಕರೆಂಟ್ ಒಂದೇ. "ಅದು ಸುಡೂದಲ್ಲ ಯಪ್ಪಾ" ಎಂದು ಸ್ವಾತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದಳು. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಹೆಂಡತಿಗೆ ಕರೆಂಟ್ ಹಿಡಿಸುತ್ತಾರೆಂದು ಅವನಿಗೆ ಭಯವಾಗಿತ್ತು ನಿಜ. ಆದರೆ ತನ್ನ ಕೈಯಲ್ಲಿ ಆಗದ್ದನ್ನು ಬೇರೆಯವರು ಮಾಡುತ್ತಾರೆಂಬುದು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮಗಳು ತಾಂಡೂರಿಗೆ ಹೋದ ಮೇಲೆ ಅವನು ಅಂಗಳದಲ್ಲಿ ಸಗಣಿ ಕುಳ್ಳಿನ ಬೆಂಕಿ ಮಾಡಿ ಕುಡಗೋಲು ಕಾಯಲಿಟ್ಟ.

"ಅವರು ಸೂಜಿಲೇ ಒಳಗ ಹಾಕೂದೂ ಒಂದು ಬರೀನೇ," ಅಂದ ಹೆಂಡತಿಗೆ. "ಅರ್ಧ ಕೆಲಸ ನಾ ಮಾಡಿ ಕಳಸ್ತೀನಿ. ಅಲ್ಲಿ ನಿನಗ ತ್ರಾಸ ಕಮ್ಮಿ ಆಗ್ತದ."

"ನಿಮ್ಮ ಕೈಮ್ಯಾಲ ನನಗ ನಂಬಿಗಿ ಅದರಿ," ಎಂದು ಶರಣಬಸಮ್ಮ ಬಲ ಪಕ್ಕೆ ಕೊಟ್ಟಳು. ಕೂಗಲಿಲ್ಲ, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಅವನು ಪ್ರೀತಿಯಿಂದಲೇ ಬರೆ ಹಾಕಿದ. ಹೊಟ್ಟೆ ಉರಿಸುವ ಮಾತೇ ಅದು.

ಹೇಳಿದ ದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬರೆ ಕೀವು ತುಂಬಿ, ಅವಳ ಮೈ ಕೆಂಡದಂತೆ ಸುಡುತ್ತಿತ್ತು. ಸೂಜಿ ಇಳಿಸಬೇಕಾದ ಜಾಗವೇ ಅದು. ನಂಜು ರಕ್ತಕ್ಕೂ ಏರಿತ್ತು. ಅದು ಇಳಿಯುವವರೆಗೆ ಏನೂ ಮಾಡುವಂತಿಲ್ಲ ಎಂದರು ಡಾಕ್ಟರಮ್ಮ. ನಂಜೇನೋ ನಿಧಾನಕ್ಕೆ ಇಳಿಯಿತು, ಗಾಯ ಮಾತ್ರ ಒಣಗಲಿಲ್ಲ. ಗಂಟು ಯಾರಿಗಾಗಿಯೂ ಕಾಯಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದಾಗ ಅದು ರಕ್ತನಾಳದೊಳಗೇ ಬೆಳೆದಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟರು.

"ನಾ ಏನ್ ಕೆಟ್ಟದ್ದು ಆಗಲಿ ಅಂತ ಮಾಡಿದ್ನೇನವ್ವಾ?" ಎಂದ ಕಲ್ಯಾಣಪ್ಪ, ಆಸ್ಪತ್ರೆಯ ಹೊರಗೆ.

"ಇಲ್ಲ ಯಪ್ಪಾ," ಅಂದಳು ಸ್ವಾತಿ. "ಆದ್ರ ಇದ್ದ ಒಂದು ದಾರಿ ನೀ ಮುಚ್ಚಿದಿ. ಅವ್ವಗ ಇದನ್ನ ನೀನೇ ಹೇಳಬೇಕು."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಅವನಿಗೆ ಬುದ್ಧಿ ಬಂತು, ಧೈರ್ಯ ಬರಲಿಲ್ಲ. ನೋಡಲು ಬಂದವರ ಮುಂದೆಲ್ಲ ಶರಣಬಸಮ್ಮ ಆಸ್ಪತ್ರೆಯವರನ್ನು ಬೈದು ಗಂಡನ ಕೈಗುಣವನ್ನು ಹೊಗಳಿದಳು. ಅವನು ತಲೆ ತಗ್ಗಿಸಿ ಕೇಳುತ್ತ ಕೂತ.

ಒಂದು ಸಂಜೆ ನೋವು ಹೆಚ್ಚಾದಾಗ ಅವಳು ಅವನ ಕೈ ಹಿಡಿದಳು.

"ಹೋದ ಸಲ ಹಾಕಿದ ಬರಿ ಸಣ್ಣದಾತು ಕಾಣ್ತದರಿ. ಇನ್ನೊಂದು ಹಾಕ್ರಿ."

ಬಾಗಿಲಲ್ಲಿ ನಿಂತ ಸ್ವಾತಿ ಅಪ್ಪನನ್ನೇ ನೋಡುತ್ತಿದ್ದಳು.

"ಮದ್ಲ ಈ ಗಾಯ ಮಾಯಲಿ," ಅಂದ ಕಲ್ಯಾಣಪ್ಪ. "ಆಮ್ಯಾಲ ಹಾಕ್ತೀನಿ."

ಮಾಯುವಷ್ಟು ದಿನ ಅವಳಿಗೆ ಉಳಿದಿಲ್ಲವೆಂದು ಅವನಿಗೆ ಗೊತ್ತಿತ್ತು. ಶರಣಬಸಮ್ಮ ಆಗಲೆಂದು ತಲೆಯಾಡಿಸಿ, ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.